ಮಗಳದು ಎಡ ಮಿದುಳೋ, ಬಲ ಮಿದುಳೋ?

ಪ್ರಶ್ನೆ: ಮಗಳು ಗಣಿತದಲ್ಲಿ ಬಲು ಚುರುಕು, ಚಿತ್ರ ಬಿಡಿಸು ಎಂದರೆ ಮುಖ ತಿರುಗಿಸುತ್ತಾಳೆ. ಆನ್‌ಲೈನ್ ಪರೀಕ್ಷೆಯೊಂದರಲ್ಲಿ ಅವಳದು ‘ಎಡ ಮಿದುಳು’ ಅಂತ ಬಂತು. ಬಲ ಮಿದುಳು ಚುರುಕಾಗಿಸುವ ತರಬೇತಿಗೆ ಸೇರಿಸಲೇ?

ಉತ್ತರ: ದಯವಿಟ್ಟು ಬೇಡ. ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ನನಗೇ ಲೆಕ್ಕ ತಪ್ಪಿದೆ. ಲೆಕ್ಕ, ತರ್ಕದವರದು ಎಡ ಮಿದುಳು, ಕಲೆ, ಕಲ್ಪನೆಯವರದು ಬಲ ಮಿದುಳು ಎಂಬ ನಂಬಿಕೆಯನ್ನು ಈ ಸಲ ಬೇರುಸಮೇತ ಕೀಳೋಣ.

ಮಿದುಳಿನ ಎರಡು ಭಾಗಗಳ ನಡುವೆ ಕೆಲಸದ ಹಂಚಿಕೆ ಇರುವುದು ನಿಜ. ‘ಟಾನ್’ ಎಂಬುದಷ್ಟೇ ಬಾಯಲ್ಲಿ ಉಳಿದಿದ್ದ ರೋಗಿಯೊಬ್ಬ 1861ರಲ್ಲಿ ತೀರಿಕೊಂಡ. ಫ್ರಾನ್ಸಿನ ವೈದ್ಯ ಪಾಲ್ ಬ್ರೊಕಾ ಅವನ ಮಿದುಳನ್ನು ಪರೀಕ್ಷಿಸಿದಾಗ ಹಾನಿ ಕಂಡಿದ್ದು ಎಡಭಾಗದ ಮುಂದುಗಡೆ. ಅಂದರೆ ಮಾತಿಗೆ ಎಡ ಮಿದುಳು ಬೇಕು. ನೂರು ವರ್ಷದ ನಂತರ ಅಮೆರಿಕದ ವಿಜ್ಞಾನಿ ರೋಜರ್ ಸ್ಪೆರಿ ಮತ್ತು ಸಂಗಡಿಗರು, ತೀವ್ರ ಮೂರ್ಛೆರೋಗಕ್ಕೆಂದು ಕಾರ್ಪಸ್ ಕಲೋಸಮ್ (ಮಿದುಳಿನ ಎರಡು ಭಾಗಗಳನ್ನು ಬೆಸೆಯುವ ನರತಂತುಗಳ ಸೇತುವೆ) ಕತ್ತರಿಸಿಕೊಂಡವರನ್ನು ಪರೀಕ್ಷಿಸಿದರು. ನೋಟದ ಎಡಬದಿಯಲ್ಲಿ ಚಿತ್ರವೊಂದು ಮಿಂಚಿ ಮರೆಯಾದರೆ ಅದು ತಲುಪುವುದು ಬಲ ಮಿದುಳನ್ನು. ಮಾತಾಡುವ ಎಡ ಮಿದುಳಿಗೆ ಸುದ್ದಿ ದಾಟದೆ ಬಾಯಿ ‘ಏನೂ ಕಾಣಲಿಲ್ಲ’ ಎನ್ನುತ್ತಿತ್ತು, ಬಲ ಮಿದುಳು ಆಡಿಸುವ ಎಡಗೈ ಮಾತ್ರ ಅದೇ ವಸ್ತುವನ್ನು ಸರಿಯಾಗಿ ಆರಿಸುತ್ತಿತ್ತು! 1981ರಲ್ಲಿ ಸ್ಪೆರಿಗೆ ನೊಬೆಲ್ ಬಂತು.

ಎಡವಟ್ಟಾದದ್ದು ಆಮೇಲೆ. ಸೇತುವೆ ಕಡಿದವರಲ್ಲಿ ಕಂಡದ್ದನ್ನು, ಸುಮಾರು 20 ಕೋಟಿ ನರತಂತುಗಳ ಆ ಸೇತುವೆ ಗಟ್ಟಿಯಾಗಿರುವ ಎಲ್ಲರಿಗೂ ಅಂಟಿಸಿಬಿಟ್ಟರು. ಒಂದು ಕೆಲಸ ಎಡಕ್ಕೆ ವಾಲುತ್ತದೆ ಎನ್ನುವುದು ಬೇರೆ, ಒಬ್ಬ ಮನುಷ್ಯನೇ ಎಡಕ್ಕೆ ವಾಲುತ್ತಾನೆ ಎನ್ನುವುದು ಬೇರೆ. ಈ ವ್ಯತ್ಯಾಸವೊಂದು ಮನಸ್ಸಿಗೆ ಇಳಿದರೆ ಸಾಕು, ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 1,011 ಜನರ ಮಿದುಳಿನ ಸ್ಕ್ಯಾನ್‌ಗಳನ್ನು ಜಾಲಾಡಿದರು. ಕೆಲವು ಸಂಪರ್ಕಜಾಲಗಳು ಎಡಕ್ಕೋ ಬಲಕ್ಕೋ ವಾಲಿದ್ದವು. ಒಟ್ಟಾರೆ ಮಿದುಳೇ ಒಂದು ಬದಿಗೆ ವಾಲಿದ ಜನ ಎಂಬ ಗುಂಪು ಮಾತ್ರ ಸಿಗಲಿಲ್ಲ.

ನಿಮ್ಮ ಮಗಳ ಗಣಿತವನ್ನೇ ನೋಡಿ. ಬಾಯಿಪಾಠದ ಮಗ್ಗಿಗೆ ಎಡಬದಿಯ ಭಾಷಾಕೇಂದ್ರಗಳ ನೆರವು ಬೇಕು. ಎರಡು ರಾಶಿಗಳಲ್ಲಿ ಯಾವುದು ದೊಡ್ಡದೆಂದು ಅಂದಾಜಿಸಲು ಎರಡೂ ಬದಿ ದುಡಿಯುತ್ತವೆ. ಚಿತ್ರ ಬಾರದಿರುವುದಕ್ಕೆ ಕಾರಣ ಆಸಕ್ತಿಯಲ್ಲಿ, ಅಭ್ಯಾಸದಲ್ಲಿ ಹುಡುಕಿ. ಬಣ್ಣದ ಪೆಟ್ಟಿಗೆ ಕೊಡಿಸಿ, ತರಬೇತಿಯ ಶುಲ್ಕ ಉಳಿಸಿ.

ಅವಳು ಎಡಚಳೋ ಅಲ್ಲವೋ ನೀವು ಬರೆದಿಲ್ಲ. ಆದರೂ ಹೇಳಿಬಿಡುತ್ತೇನೆ, ಏಕೆಂದರೆ ‘ಎಡಚರೆಲ್ಲ ಬಲ ಮಿದುಳಿನವರು’ ಎಂಬ ಮಾತು ಇದರ ಬೆನ್ನಿಗೇ ಬರುತ್ತದೆ. ಎಡಗೈಯನ್ನು ಆಡಿಸುವುದು ಬಲ ಮಿದುಳು, ನಿಜ. ಆದರೆ ಸುಮಾರು 70 ಶೇಕಡಾ ಎಡಚರಲ್ಲಿಯೂ ಮಾತಿನ ನೆಲೆ ಎಡ ಮಿದುಳೇ. ಬರೆಯುವ ಕೈ ನೋಡಿ ಅದನ್ನು ಖಚಿತವಾಗಿ ಹೇಳಲಾಗದು. ಹಾಗಾಗಿಯೇ ಮೂರ್ಛೆರೋಗಕ್ಕೆ ಮಿದುಳಿನ ಶಸ್ತ್ರಚಿಕಿತ್ಸೆ ಮಾಡುವಾಗ, ಮಾತಿನ ಭಾಗಕ್ಕೆ ಪೆಟ್ಟಾಗುವ ಸಂಭವವಿದ್ದರೆ, ಆ ರೋಗಿಯ ಮಾತು ಯಾವ ಬದಿಯಲ್ಲಿದೆ ಎಂದು ವೈದ್ಯರು ಮೊದಲು ಪರೀಕ್ಷಿಸಿ ನೋಡುತ್ತಾರೆ.