ಕುರ್ಚಿಯಿಂದ ಬಿದ್ದು ತೊಡೆ ಮುರ್ಕೊಂಡ ಹುಡುಗನ ಕುದುರೆಗಳು

13 ವರ್ಷದ ಹುಡುಗ ಗಿಡ್ಡ ಕುರ್ಚಿಯಿಂದ ಏಳೋಕೆ ಹೋಗಿ ಜಾರಿ ಬಿದ್ದ, ಎಡ ತೊಡೆ ಮೂಳೆ ಮುರೀತು. ಮರದಿಂದ ಬಿದ್ದಿದ್ರೆ ಸರಿ, ಕುರ್ಚಿಯಿಂದ ಬಿದ್ರೆ ಇಡೀ ದೇಹದಲ್ಲೇ ದೊಡ್ಡ ಮೂಳೆ ಮುರಿಯುತ್ತಾ? ಇದು 1878, ಫ್ರಾನ್ಸಿನ ಆಲ್ಬಿ ಊರು. ಮರುವರ್ಷ ಒಂದು ಒಣ ಹಳ್ಳಕ್ಕೆ ಬಿದ್ದು ಬಲ ತೊಡೆನೂ ಹೋಯ್ತು. ಎಕ್ಸ್‌ರೇ ಕಂಡುಹಿಡಿದಿದ್ದೇ 1895ರಲ್ಲಿ, ಹಾಗಾಗಿ ಒಳಗೇನಾಗಿದೆ ಅಂತ ಯಾವ ಡಾಕ್ಟ್ರಿಗೂ ಗೊತ್ತಾಗಲಿಲ್ಲ. ಹುಡುಗನ ಹೆಸರು ಆನ್ರಿ ದ ತುಲೂಸ್-ಲೋಟ್ರೆಕ್, ಮುಂದೆ ದೊಡ್ಡ ಚಿತ್ರಕಾರನಾದ, ಪ್ಯಾರಿಸ್ಸಿನ ಗೋಡೆಗಳ ಮೇಲೆ ಅವನ ಪೋಸ್ಟರ್‌ಗಳದ್ದೇ ಮಾತು.

ಅವನು ಸತ್ತು ಎಷ್ಟೋ ವರ್ಷ ಆದ್ಮೇಲೆ, 1965ರಲ್ಲಿ, ಇಬ್ರು ಫ್ರೆಂಚ್ ಡಾಕ್ಟ್ರು ಇದು ಪಿಕ್ನೋಡಿಸ್‌ಆಸ್ಟೋಸಿಸ್ ಇರಬೇಕು ಅಂದ್ರು. ಹತ್ತು ಲಕ್ಷಕ್ಕೆ ಒಬ್ಬರೋ ಇಬ್ಬರೋ ಅನ್ನುವಷ್ಟು ಅಪರೂಪದ ಮೂಳೆ ಕಾಯಿಲೆ. ಡಿಎನ್ಎ ಟೆಸ್ಟ್ ಆಗಿಲ್ಲ, ಒಪ್ಪದವರೂ ಇದ್ದಾರೆ. ಆದ್ರೆ ಅವನ ಇಬ್ರು ಅಜ್ಜಿಯರೂ ಒಡಹುಟ್ಟಿದವರು, ಅಂದ್ರೆ ಅಪ್ಪ ಅಮ್ಮ ಹತ್ತಿರದ ಸಂಬಂಧಿಕರು, ಎರಡೂ ಕಡೆಯಿಂದ ಕೆಟ್ಟ ಜೀನ್ ಬಂದ್ರೆ ಮಾತ್ರ ಕಾಣಿಸೋ ಕಾಯಿಲೆಗೆ ಇದು ಚೆನ್ನಾಗೇ ಹೊಂದುತ್ತೆ.

ಮೂಳೆ ಒಳಗೆ ರಿಪೇರಿ ಕೆಲಸ ನಡೀತಾನೇ ಇರುತ್ತೆ, ಹಳೇ ಗಾರೆ ಕೆರೆದು ಹೊಸ ಗಾರೆ ಮೆತ್ತೋ ಹಾಗೆ. ಕೆರೆಯೋ ಕೆಲಸ ಆಸ್ಟಿಯೋಕ್ಲಾಸ್ಟ್ ಅನ್ನೋ ಕೋಶಗಳದ್ದು: ಮೊದ್ಲು ಆಸಿಡ್ ಬಿಟ್ಟು ಖನಿಜ ಕರಗಿಸ್ತಾವೆ, ಆಮೇಲೆ ಉಳಿಯೋ ಕೊಲಾಜನ್ ನಾರನ್ನ ಕ್ಯಾಥೆಪ್ಸಿನ್ ಕೆ ಅನ್ನೋ ಕಿಣ್ವದಿಂದ ತುಂಡು ಮಾಡ್ತಾವೆ. ಈ ಕಾಯಿಲೇಲಿ ಆ ಕಿಣ್ವವೇ ಕೆಲಸ ಮಾಡಲ್ಲ (ಜೀನ್ ಸಿಕ್ಕಿದ್ದು 1996ರಲ್ಲಿ). ಹಳೇ ಮೂಳೆ ಹೋಗಲ್ಲ, ಹೊಸದು ಸರಿಯಾಗಿ ಕೂರಲ್ಲ. ಎಕ್ಸ್‌ರೇಲಿ ನೋಡಿದ್ರೆ ಬೆಳ್ಳಗೆ, ದಟ್ಟವಾಗಿ, ಸಖತ್ ಗಟ್ಟಿ ಮೂಳೆ ಅನ್ಸುತ್ತೆ, ಆದ್ರೆ ಪಟ್ ಅಂತ ಮುರಿಯುತ್ತೆ.

ಅಪ್ಪ ಕುದುರೆ ಸವಾರಿ, ಬೇಟೆ ಅಂತ ತಿರುಗೋ ಮನುಷ್ಯ, ಮಗನಿಗೋ ಹಾಸಿಗೆ. ಆ ಹಾಸಿಗೇಲಿ ಅವನು ಬರೆದಿದ್ದು ಹೆಚ್ಚಾಗಿ ಕುದುರೆಗಳನ್ನೇ, ಓಡ್ತಿರೋವು, ಬೆನ್ನಿಗೆ ತಡಿ ಹಾಕಿಸ್ಕೊಳ್ತಿರೋವು. ಕಲಿಸೋಕೆ ಸಿಕ್ಕಿದ್ದು ಮನೆಗೆ ಬೇಕಾದವನೇ ಆದ ಪ್ರಾನ್ಸ್‌ಟೋ ಅನ್ನೋ ಚಿತ್ರಕಾರ, ಅವನಿಗೆ ಹುಟ್ಟಿನಿಂದ ಕಿವಿ ಕೇಳ್ತಿರಲಿಲ್ಲ. ಚಿಕಿತ್ಸೆಗೆ ಹೋದ ಊರಲ್ಲಿ ತನ್ನ ಹಾಗೇ ಕಾಯಿಲೆಯ ಇನ್ನೊಬ್ಬ ಹುಡುಗ ಗೆಳೆಯನಾದ, ಅವನು ಬರೆದ ಕಥೆಗೆ 1881ರಲ್ಲಿ ಇವನು 23 ಚಿತ್ರ ಬರೆದುಕೊಟ್ಟ. ಅದೂ ಒಂದು ಮುದಿ ಕುದುರೆಯ ಕಥೆನೇ!

ಕಾಯಿಲೆನೇ ಅವನನ್ನ ಕಲಾವಿದ ಮಾಡ್ತು ಅಂತ ಹೇಳೋರಿದ್ದಾರೆ, ನಂಗೆ ಅದು ಒಪ್ಪಿಗೆ ಇಲ್ಲ. ಮೂಳೆ ಮುರಿಯೋದಕ್ಕೆ ಮುಂಚೆನೇ ನೋಟ್‌ಬುಕ್ ತುಂಬಾ ಗೀಚ್ತಿದ್ದ ಹುಡುಗ ಅವನು. ಚಿತ್ರದಿಂದ ಎಲ್ಲಾ ಸರಿಹೋಯ್ತು ಅನ್ನೋದೂ ಸುಳ್ಳು, ವಿಪರೀತ ಕುಡಿದು 1901ರಲ್ಲಿ 36 ವರ್ಷಕ್ಕೇ ಹೋಗ್ಬಿಟ್ಟ.

ಹಾಗಾದ್ರೆ ಚಿತ್ರ ಬರೆಯೋದ್ರಿಂದ ಮೈಗೆ ಏನಾಗುತ್ತೆ? 2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 39 ಜನಕ್ಕೆ 45 ನಿಮಿಷ ಬಣ್ಣ, ಮಣ್ಣು ಕೊಟ್ಟು ಕೂರಿಸಿದ್ರು, ಹೆಚ್ಚುಕಮ್ಮಿ ಮುಕ್ಕಾಲು ಪಾಲು ಜನರ ಎಂಜಲಲ್ಲಿ ಕಾರ್ಟಿಸಾಲ್ ಅನ್ನೋ ಸ್ಟ್ರೆಸ್ ಹಾರ್ಮೋನ್ ಇಳಿದಿತ್ತು, ಮುಂಚೆ ಚಿತ್ರ ಬರೆದು ಅಭ್ಯಾಸ ಇಲ್ಲದವರಲ್ಲೂ. ಅವರೆಲ್ಲಾ ಆರೋಗ್ಯವಂತ ದೊಡ್ಡವರು ಅನ್ನೋದು ನೆನಪಿರಲಿ. ನೋವಿನ ವಿಷಯ ಇನ್ನೂ ಸ್ಪಷ್ಟ: ಮನಸ್ಸು ಬೇರೆ ಕಡೆ ಪೂರ್ತಿ ತೊಡಗಿದ್ರೆ ನೋವಿನ ಸಂದೇಶ ಬೆನ್ನುಹುರಿಯಲ್ಲೇ ಸ್ವಲ್ಪ ತಗ್ಗುತ್ತೆ, ಸ್ಕ್ಯಾನ್‌ನಲ್ಲೇ ಕಂಡಿದೆ. ಹಾಸಿಗೆ ಹಿಡಿದ ಮಗುಗೆ ಅಷ್ಟು ಹೊತ್ತಿನ ಬಿಡುವೂ ದೊಡ್ಡದೇ.

ಈ ಕಾಯಿಲೆಯ ಬೇರಿಗೇ ಕೈಹಾಕೋ ಮದ್ದು ಇವತ್ತಿಗೂ ಇಲ್ಲ, ಮುರಿದಾಗೆಲ್ಲಾ ರಾಡ್, ಪ್ಲೇಟು, ಮತ್ತೆ ತಿಂಗಳುಗಟ್ಟಲೆ ಮಲಗೋದು. ಬೆರಳಿನ ತುದಿ ಮೂಳೆಗಳೂ ಮೊಟಕಾಗಿರ್ತಾವೆ, ಅದಕ್ಕೇ ಮಗುಗೆ ಪೆನ್ಸಿಲ್ ಕೊಡೋದಾದ್ರೆ ದಪ್ಪ ಹಿಡಿಕೆದು ಕೊಡಿ, ಹಗುರವಾದ ರಟ್ಟಿಗೆ ಕಾಗದ ಕ್ಲಿಪ್ ಹಾಕಿ ಓರೆಯಾಗಿ ನಿಲ್ಲಿಸಿ, ಮಲಗಿದಲ್ಲಿಂದ್ಲೇ ಕೈಗೆ ಎಟುಕಬೇಕು.