ಫೋಟೋ ಬೇಡ, ಮಕ್ಕಳ ಲೆಕ್ಕ ತನ್ನಿ

ಹೊರದೇಶದ ಶಿಶುವಿಹಾರಗಳನ್ನು ನೋಡಿಕೊಂಡು ಬಂದವರು ನನ್ನೆದುರು ಕೂತ ಕೂಡಲೇ ಫೋನ್ ತೆಗೆಯುತ್ತಾರೆ. ಹೆಲ್ಸಿಂಕಿಯಲ್ಲಿ ಗೋಡೆಯುದ್ದಕ್ಕೂ ಜೋಡಿಸಿಟ್ಟ ಪುಟಾಣಿ ಮಳೆಬೂಟುಗಳು. ಇಟಲಿಯ ರೆಜಿಯೊ ಎಮಿಲಿಯಾದಲ್ಲಿ ಕಿಟಕಿಯ ಬೆಳಕಿಗೆ ಇಟ್ಟ ಬಣ್ಣದ ಸೀಸೆಗಳು, ಮಕ್ಕಳು ಒಳಗೆ ತೂರಿ ಕೂರುವ ಕನ್ನಡಿ ಗುಡಾರ. ವೆಲ್ಲಿಂಗ್ಟನ್ನಿನ ಮರಳುಗುಂಡಿ. ‘ಇದೇ ಬೇಕು ಮೇಡಂ, ನಾವೂ ಇದನ್ನೇ ಮಾಡಿಸೋಣ’ ಎನ್ನುವಾಗ ಅವರ ಮುಖದ ಉತ್ಸಾಹ ನೋಡಿದರೆ ಪ್ರೀತಿ ಉಕ್ಕುತ್ತದೆ. ಸ್ವಂತ ದುಡ್ಡು, ರಜೆ ಎರಡನ್ನೂ ಖರ್ಚು ಮಾಡಿ ಅಷ್ಟು ದೂರ ಹೋಗಿ ಬಂದಿರುತ್ತಾರೆ. ಆದರೂ ನಾನು ಕೇಳುವುದನ್ನು ಕೇಳಲೇಬೇಕು: ಈ ಫೋಟೋ ತೆಗೆದ ಹೊತ್ತಿನಲ್ಲಿ ಆ ಕೋಣೆಯಲ್ಲಿ ಮಕ್ಕಳು ಎಷ್ಟಿದ್ದರು, ದೊಡ್ಡವರು ಎಷ್ಟಿದ್ದರು?

ಚಿಕ್ಕ ಮಕ್ಕಳ ಶಿಕ್ಷಕಿಯರಿಗೆ ತರಬೇತಿ ಕೊಡುತ್ತ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಈ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳಿದವರನ್ನು ಕೈಬೆರಳಲ್ಲಿ ಎಣಿಸಬಹುದು. ಅವರದೇ ತಪ್ಪು ಎನ್ನಲಾರೆ. ಬಹಳ ಕಡೆ ಮಕ್ಕಳ ಚಿತ್ರ ತೆಗೆಯಲು ಬಿಡುವುದಿಲ್ಲ. ಆದ್ದರಿಂದ ಫೋಟೋಗಳಲ್ಲಿ ಉಳಿಯುವುದು ಕುರ್ಚಿ, ಮೇಜು, ಕಪಾಟು. ನೋಡಿದವರ ಮನಸ್ಸಿನಲ್ಲೂ ಕೊನೆಗೆ ಅವೇ ಉಳಿದುಬಿಡುತ್ತವೆ.

ರೆಜಿಯೊದ ಕಥೆಯನ್ನೇ ತೆಗೆದುಕೊಳ್ಳಿ. 1945ರ ವಸಂತದಲ್ಲಿ, ಯುದ್ಧ ಮುಗಿದ ಕೆಲವೇ ದಿನಕ್ಕೆ, ಆ ಊರಿನ ಹತ್ತಿರದ ವಿಲ್ಲಾ ಚೆಲ್ಲಾ ಎಂಬ ಹಳ್ಳಿಯ ಜನ ಜರ್ಮನ್ ಸೈನ್ಯ ಬಿಟ್ಟುಹೋದ ಒಂದು ಟ್ಯಾಂಕು, ಕೆಲವು ಲಾರಿ, ಕುದುರೆಗಳನ್ನು ಮಾರಿ, ಬಂದ ಹಣದಲ್ಲಿ ಮಕ್ಕಳಿಗೊಂದು ಶಾಲೆ ಕಟ್ಟಲು ಹೊರಟರು. ಸುದ್ದಿ ಕೇಳಿ ಸೈಕಲ್ ತುಳಿದು ನೋಡಲು ಹೋದ ಯುವ ಶಿಕ್ಷಕ ಲೋರಿಸ್ ಮಲಗುಝಿ ತನ್ನ ಬದುಕನ್ನೇ ಆ ಕೆಲಸಕ್ಕೆ ಕೊಟ್ಟ. ಇಷ್ಟು ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. ಇದಾದ ಮೇಲೆ ನಗರಸಭೆ ತಾನೇ ಮೊದಲ ಶಿಶುಶಾಲೆ ತೆರೆದದ್ದು 1963ರಲ್ಲಿ. ನಡುವೆ ಹದಿನೆಂಟು ವರ್ಷ. ಆ ವರ್ಷಗಳಲ್ಲಿ ಹೆಂಗಸರ ಸಂಘಟನೆಗಳು ಶಾಲೆಗಳನ್ನು ನಡೆಸಿದವು, ಸಭೆ ಸೇರಿದವು, ನಗರಸಭೆಯ ಬಾಗಿಲು ತಟ್ಟಿದವು. ಒಂದು ತರಗತಿಗೆ ಇಬ್ಬರು ಶಿಕ್ಷಕಿಯರು ಇರಬೇಕು, ಮಕ್ಕಳು ಎದುರಿಗಿಲ್ಲದ ಹೊತ್ತಿನಲ್ಲಿ ಅವರು ಕೂತು ಯೋಚಿಸುವ ಸಮಯವೂ ಸಂಬಳದೊಳಗೇ ಸೇರಬೇಕು ಎಂಬ ವ್ಯವಸ್ಥೆ ಇದರ ಮುಂದುವರಿಕೆ. ನೀವು ಫೋಟೋ ತೆಗೆದ ಬಣ್ಣದ ಸೀಸೆ ಈ ವ್ಯವಸ್ಥೆಯ ಮೇಲೆ ಕೂತಿದೆ. ಒಬ್ಬಳೇ ಶಿಕ್ಷಕಿ ಮೂವತ್ತು ಮಕ್ಕಳನ್ನು ಹಿಡಿದುಕೊಂಡಿರುವ ಕೋಣೆಗೆ ಆ ಸೀಸೆ ತಂದಿಟ್ಟರೆ, ಮರುದಿನವೇ ‘ಮುಟ್ಟಬೇಡ, ಒಡೆಯುತ್ತೆ’ ಎಂಬ ಮಾತು ಶುರುವಾಗುತ್ತದೆ. ಆಕೆ ಬೇರೇನು ಹೇಳಿಯಾಳು?

ಈಗ ಅನುಪಾತದ ವಿಷಯ, ಅಂದರೆ ಎಷ್ಟು ಮಕ್ಕಳಿಗೆ ಒಬ್ಬ ದೊಡ್ಡವರು ಎಂಬ ಲೆಕ್ಕ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಆದರೂ ಮತ್ತೆ ಹೇಳುತ್ತೇನೆ, ದಯವಿಟ್ಟು ನಿಧಾನವಾಗಿ ಓದಿ.

ಶಾಲೆಯಲ್ಲಿ ದಾಖಲಾದ ಮಕ್ಕಳನ್ನು ಸಂಬಳದ ಪಟ್ಟಿಯಲ್ಲಿರುವ ಹೆಸರುಗಳಿಂದ ಭಾಗಿಸಿದರೆ ಬರುವುದು ಅನುಪಾತವಲ್ಲ. ಅರವತ್ತು ಮಕ್ಕಳು, ಆರು ಜನ ಸಿಬ್ಬಂದಿ, ಅಂದರೆ ಹತ್ತಕ್ಕೆ ಒಬ್ಬರು ಎಂದು ಹೆಮ್ಮೆಯಿಂದ ಹೇಳುತ್ತಾರೆ. ಆ ಆರರಲ್ಲಿ ಒಬ್ಬರು ಮುಖ್ಯಸ್ಥೆ, ಆಫೀಸಿನಲ್ಲಿ ಪೋಷಕರ ಜೊತೆ ಇರುತ್ತಾರೆ. ಒಬ್ಬರು ಅಡುಗೆಮನೆಯಲ್ಲಿ. ಒಬ್ಬರು ಇವತ್ತು ರಜೆ, ಅವರ ಮಗುವಿಗೇ ಜ್ವರ. ಉಳಿದ ಮೂವರಲ್ಲಿ ಒಬ್ಬರು ಯಾವುದೋ ಮಗುವನ್ನು ಶೌಚಾಲಯಕ್ಕೆ ಕರೆದುಕೊಂಡು ಹೋಗಿದ್ದಾರೆ. ಆ ಗಳಿಗೆಯಲ್ಲಿ ನಿಮ್ಮ ನಿಜವಾದ ಅನುಪಾತ ಮೂವತ್ತಕ್ಕೆ ಒಬ್ಬರು. ಮಗು ಬದುಕುವುದು ಆ ಗಳಿಗೆಯಲ್ಲಿ. ತಿಂಗಳ ಸರಾಸರಿಯಲ್ಲಿ ಯಾವ ಮಗುವೂ ಬದುಕುವುದಿಲ್ಲ. ಬಿದ್ದು ಅತ್ತಾಗ ಎತ್ತಿಕೊಳ್ಳುವ ಕೈ ಆ ಕ್ಷಣದಲ್ಲಿ ಖಾಲಿ ಇದೆಯೇ, ‘ಅದು ಯಾಕೆ ಹಂಗೆ?’ ಎಂದು ಮಗು ಕೇಳಿದಾಗ ಬಗ್ಗಿ ಕೂತು ಕೇಳಿಸಿಕೊಳ್ಳಲು ಒಬ್ಬರು ಇದ್ದಾರೆಯೇ, ಇಷ್ಟೇ ಲೆಕ್ಕ.

ಫಿನ್ಲೆಂಡಿನವರು ಇದನ್ನು ಕಾನೂನಿನಲ್ಲೇ ಬರೆದುಕೊಂಡಿದ್ದಾರೆ. ಮೂರು ವರ್ಷದೊಳಗಿನ ನಾಲ್ಕು ಮಕ್ಕಳಿಗೆ ಒಬ್ಬರು, ಮೂರು ದಾಟಿದ ಮೇಲೆ ದಿನವಿಡೀ ಇರುವ ಏಳು ಮಕ್ಕಳಿಗೆ ಒಬ್ಬರು. 2021ರ ಆಗಸ್ಟ್‌ನಿಂದ ಅಲ್ಲಿನ ಕಾಯ್ದೆ ಇನ್ನೂ ಒಂದು ಮಾತನ್ನು ಸ್ಪಷ್ಟಪಡಿಸಿತು: ಸಿಬ್ಬಂದಿ ರಜೆಯಲ್ಲಿದ್ದಾರೆ ಎಂಬ ಕಾರಣಕ್ಕೆ ಈ ಲೆಕ್ಕವನ್ನು ಸಡಿಲಿಸುವ ಹಾಗಿಲ್ಲ. ನಾನು ತರಬೇತಿ ಕೊಡುವಾಗ ಮೊದಲ ದಿನವೇ ಇದನ್ನು ಓದಿ ಹೇಳುತ್ತೇನೆ. ಜ್ವರ ಬಂದ ಶಿಕ್ಷಕಿಯ ಜಾಗಕ್ಕೆ ಯಾರು ಎಂಬ ಪ್ರಶ್ನೆ ಫಿನ್ಲೆಂಡಿಗೂ ಸುಲಭದ್ದಲ್ಲ. ಅಲ್ಲೂ ಶಿಶುಶಿಕ್ಷಕರ ಕೊರತೆ ಇದೆ. ಕಷ್ಟವಿದೆ ಎಂದು ಗೊತ್ತಿದ್ದೂ ಅವರು ಅದನ್ನು ಬರೆದರು ಎಂಬುದು ನನಗೆ ಮುಖ್ಯ.

ಅದೂ ಸುಮ್ಮನೆ ಸಿಕ್ಕಿದ್ದಲ್ಲ. ಏಳು ವರ್ಷಕ್ಕೆ ಶಾಲೆ, ಅಲ್ಲಿಯ ತನಕ ಆಟ, ಆ ದೇಶದವರು ಹುಟ್ಟಾ ಹಾಗೆಯೇ ಎಂದು ನಂಬಿದವರು ಬಹಳ. 1973ರ ಡೇ ಕೇರ್ ಕಾಯ್ದೆಯಿಂದ ಹಿಡಿದು, ಶಾಲೆಗೆ ಹೋಗುವ ವಯಸ್ಸಿನೊಳಗಿನ ಪ್ರತಿ ಮಗುವಿಗೂ ಜಾಗ ಸಿಗುವುದು ಹಕ್ಕು ಎಂದಾಗುವ 1996ರವರೆಗೆ ಎರಡು ದಶಕಕ್ಕೂ ಮಿಕ್ಕಿ ಸಮಯ ಹಿಡಿಯಿತು. 2016ರಲ್ಲಿ ಖರ್ಚು ಉಳಿಸಲೆಂದು ಏಳು ಮಕ್ಕಳಿಗೆ ಒಬ್ಬರು ಎಂಬುದನ್ನು ಎಂಟು ಮಕ್ಕಳಿಗೆ ಒಬ್ಬರು ಎಂದು ಮಾಡಿದರು, ಕೆಲಸವಿಲ್ಲದ ತಂದೆತಾಯಿಯ ಮಕ್ಕಳಿಗೆ ವಾರಕ್ಕೆ 20 ಗಂಟೆ ಸಾಕು ಎಂದರು. ಹೆಲ್ಸಿಂಕಿಯಂಥ ನಗರಗಳು ಆ ಗಂಟೆಗಳ ಮಿತಿಯನ್ನು ಜಾರಿ ಮಾಡಲು ಒಪ್ಪಲಿಲ್ಲ. 2020ರ ಆಗಸ್ಟ್‌ನಲ್ಲಿ ಎಂಟು ಮತ್ತೆ ಏಳಾಯಿತು, ಪೂರ್ತಿ ಹಕ್ಕೂ ವಾಪಸ್ ಬಂತು. ಏಳಕ್ಕೂ ಎಂಟಕ್ಕೂ ಏನು ಮಹಾ ವ್ಯತ್ಯಾಸ ಎಂದು ಕೇಳುವವರು ಎಂಟು ಮಕ್ಕಳಿಗೆ ಒಟ್ಟಿಗೆ ಸ್ವೆಟರ್ ಹಾಕಿಸಿ ನೋಡಬೇಕು.

ಇಂಗ್ಲೆಂಡಿನಲ್ಲಿ 2013ರಲ್ಲಿ ಸರ್ಕಾರ ಎರಡು ವರ್ಷದ ನಾಲ್ಕು ಮಕ್ಕಳಿಗೆ ಒಬ್ಬರು ಎಂಬುದನ್ನು ಆರು ಮಕ್ಕಳಿಗೆ ಒಬ್ಬರು ಎಂದು ಸಡಿಲಿಸಲು ಹೊರಟಿತ್ತು. ಶಿಕ್ಷಕಿಯರು, ಪೋಷಕರು ಸೇರಿ ವಿರೋಧಿಸಿದರು. ಪ್ರಸ್ತಾವ ಬಿದ್ದುಹೋಯಿತು. ಹತ್ತು ವರ್ಷದ ಮೇಲೆ, 2023ರ ಸೆಪ್ಟೆಂಬರ್‌ನಲ್ಲಿ, ಐದಕ್ಕೆ ಒಬ್ಬರು ಎಂಬ ಅವಕಾಶ ಬಂದೇ ಬಂತು. ಗೆದ್ದವರು ಮನೆಗೆ ಹೋಗಿ ಮಲಗುವ ಹಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಜಪಾನಿನ ಕಥೆ. ಅಲ್ಲಿನ ಹೊಯಿಕುಯೆನ್‌ಗಳಲ್ಲಿ, ಅಂದರೆ ಡೇ ಕೇರ್‌ಗಳಲ್ಲಿ, ನಾಲ್ಕೈದು ವರ್ಷದ 30 ಮಕ್ಕಳಿಗೆ ಒಬ್ಬ ಶಿಕ್ಷಕಿ ಎಂಬ ಮಾನದಂಡ 1948ರದ್ದು. ಒಂದೆರಡು ತಲೆಮಾರು ಅದರಲ್ಲೇ ಬೆಳೆಯಿತು. 2022ರಲ್ಲಿ ಐಚಿ ಪ್ರಾಂತ್ಯದ ಶಿಕ್ಷಕಿಯರೂ ಪೋಷಕರೂ ‘ಮಕ್ಕಳಿಗೆ ಇನ್ನೊಬ್ಬ ಶಿಕ್ಷಕಿ ಕೊಡಿ’ ಎಂದು ಒಂದು ಚಳವಳಿ ಎಬ್ಬಿಸಿದರು. ಬೇಡಿಕೆ ನೋಡಿ: ಇನ್ನೊಬ್ಬರು. ಹೊಸ ಪದ್ಧತಿ ಕೇಳಲಿಲ್ಲ, ಕಟ್ಟಡ ಕೇಳಲಿಲ್ಲ. 2024ರ ಏಪ್ರಿಲ್‌ನಲ್ಲಿ, 76 ವರ್ಷಗಳ ಬಳಿಕ, 30 ಎಂಬುದು 25 ಆಯಿತು. ಮೂರು ವರ್ಷದವರಿಗೆ 20ರಿಂದ 15ಕ್ಕೆ ಇಳಿಯಿತು. ಸದ್ಯಕ್ಕೆ ಹಳೆಯ ಲೆಕ್ಕದಲ್ಲೇ ನಡೆಸಲು ವಿನಾಯಿತಿ ಇಟ್ಟಿದ್ದಾರೆ, ಹಾಗಾಗಿ ಎಲ್ಲ ಕೋಣೆಗೂ ಇದು ತಲುಪಿದೆ ಎನ್ನಲಾಗದು. ಆದರೂ ಕಲ್ಲು ಅಲುಗಿತು.

ಇಲ್ಲಿ ಒಂದು ಎಚ್ಚರದ ಮಾತು ಸೇರಿಸಬೇಕು, ಇಲ್ಲದಿದ್ದರೆ ಸಹೋದ್ಯೋಗಿಗಳು ನನ್ನನ್ನು ಬಿಡುವುದಿಲ್ಲ. ಸಂಖ್ಯೆಯೊಂದೇ ಎಲ್ಲವನ್ನೂ ಮಾಡುವುದಿಲ್ಲ. ಐದು ಮಕ್ಕಳ ಮುಂದೆ ಕೂತು ಫೋನ್ ನೋಡುವವರನ್ನೂ ಕಂಡಿದ್ದೇನೆ, ಇಪ್ಪತ್ತೈದು ಮಕ್ಕಳನ್ನು ಒಂದೇ ಹಾಡಿನಲ್ಲಿ ಹಿಡಿದಿಟ್ಟವರನ್ನೂ ಕಂಡಿದ್ದೇನೆ. ತರಬೇತಿ, ಸಂಬಳ, ಒಬ್ಬ ಶಿಕ್ಷಕಿ ಒಂದೇ ಕಡೆ ಎಷ್ಟು ವರ್ಷ ನಿಲ್ಲುತ್ತಾಳೆ ಎಂಬುದು, ಎಲ್ಲವೂ ಸೇರಬೇಕು. ಎಷ್ಟು ಮಕ್ಕಳಿಗೆ ಒಬ್ಬರು ಸರಿ ಎಂಬುದಕ್ಕೆ ಎಲ್ಲ ಕಡೆಗೂ ಸಲ್ಲುವ ಒಂದೇ ಅಂಕಿಯನ್ನು ನಾನು ಕೊಡಲಾರೆ.

ಆದರೆ ಸಂಖ್ಯೆಯನ್ನು ಬದಿಗಿಟ್ಟು ಸಂಶೋಧನೆಯ ಫಲ ಮಾತ್ರ ಎತ್ತಿಕೊಳ್ಳುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಅಮೆರಿಕದ ಮಿಷಿಗನ್‌ನ ಇಪ್ಸಿಲಾಂಟಿ ಪಟ್ಟಣದಲ್ಲಿ 1962ರಿಂದ 1967ರವರೆಗೆ ನಡೆದ ಪೆರಿ ಪ್ರಿಸ್ಕೂಲ್ ಪ್ರಯೋಗವನ್ನು ಎಲ್ಲರೂ ಉಲ್ಲೇಖಿಸುತ್ತಾರೆ: ಚಿಕ್ಕಂದಿನಲ್ಲಿ ಮಾಡಿದ ಖರ್ಚು ಹಲವು ಪಟ್ಟು ವಾಪಸ್ ಬರುತ್ತದೆ ಎಂದು. ಅಲ್ಲಿ ಇದ್ದದ್ದು ಬಡ ಕರಿಯ ಕುಟುಂಬಗಳ 123 ಮಕ್ಕಳು, ಅದರಲ್ಲಿ ಶಾಲೆಗೆ ಬಂದವರು 58. ಇಪ್ಪತ್ತರಿಂದ ಇಪ್ಪತ್ತೈದು ಮಕ್ಕಳಿಗೆ ನಾಲ್ವರು ಶಿಕ್ಷಕರು. ಬೆಳಗ್ಗೆ ಎರಡೂವರೆ ಗಂಟೆ ಶಾಲೆ, ಮೇಲೆ ವಾರಕ್ಕೊಮ್ಮೆ ಒಂದೂವರೆ ಗಂಟೆ ಮನೆ ಭೇಟಿ. ಆ ಖರ್ಚು ಮಾಡದೆ ಈ ಫಲವನ್ನು ಯಾರಾದರೂ ಹೇಗೆ ಭರವಸೆ ಕೊಡುತ್ತಾರೆ? ‘ನಮ್ಮದು ಬಡ ಶಾಲೆ, ಅಷ್ಟೆಲ್ಲ ಆಗುತ್ತಾ?’ ಎನ್ನುವವರಿಗೆ ನಾನು ಜಮೈಕಾವನ್ನು ತೋರಿಸುತ್ತೇನೆ. 1986–87ರಲ್ಲಿ ಕಿಂಗ್‌ಸ್ಟನ್ನಿನಲ್ಲಿ ಬೆಳವಣಿಗೆ ಕುಂಠಿತಗೊಂಡ 129 ಮಕ್ಕಳನ್ನು ಆರಿಸಿಕೊಂಡು, ಅವರಲ್ಲಿ ಕೆಲವರ ಮನೆಗೆ ಆರೋಗ್ಯ ಸಹಾಯಕಿಯರು ಎರಡು ವರ್ಷ, ವಾರಕ್ಕೊಂದು ಗಂಟೆ ಹೋದರು. ಆಟಿಕೆಗಳನ್ನು ಬಿಸಾಡಿದ ಡಬ್ಬಿ, ಬಾಟಲಿಗಳಿಂದ ಮಾಡಿದ್ದು. ತಾಯಿಗೆ ಮಗುವಿನ ಜೊತೆ ಆಡುವುದನ್ನು ತೋರಿಸಿಕೊಟ್ಟರು. ಇಪ್ಪತ್ತು ವರ್ಷದ ಮೇಲೆ ಆ ಮಕ್ಕಳು ದೊಡ್ಡವರಾಗಿ ಗಳಿಸುತ್ತಿದ್ದದ್ದು, ಭೇಟಿ ಸಿಗದ ಮಕ್ಕಳಿಗಿಂತ ಸುಮಾರು ಶೇ 25ರಷ್ಟು ಹೆಚ್ಚು. ಸಾಮಾನು ಕಸದಿಂದ ಬಂದದ್ದು. ಎದುರಿಗೆ ಕೂತ ಮನುಷ್ಯರ ವಿಷಯದಲ್ಲಿ ಮಾತ್ರ ಯಾವ ಕಡಿತವೂ ಇರಲಿಲ್ಲ.

ಕೆಲ ವರ್ಷದ ಹಿಂದೆ ಒಬ್ಬ ಮುಖ್ಯಸ್ಥೆ ನಾರ್ವೆಗೆ ಹೋಗಿ ಬಂದಿದ್ದರು. ಮೊದಲ ಭೇಟಿಯಲ್ಲಿ ನನ್ನ ಪ್ರಶ್ನೆ ಕೇಳಿ ಅವರಿಗೆ ಬೇಸರವಾಯಿತು, ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದರು. ಹೇಳಿದ ರೀತಿ ಒರಟಾಯಿತೇನೋ ಎಂದು ನನಗೂ ಆ ರಾತ್ರಿ ನಿದ್ದೆ ಬರಲಿಲ್ಲ. ನಾಲ್ಕು ತಿಂಗಳ ಮೇಲೆ ಮತ್ತೆ ಬಂದರು. ಕೈಯಲ್ಲಿ ಫೋನ್ ಇರಲಿಲ್ಲ, ಮಡಚಿದ ಒಂದು ಹಾಳೆ ಇತ್ತು. ತಮ್ಮದೇ ಶಿಶುವಿಹಾರದಲ್ಲಿ ಒಂದು ವಾರ ಪೂರ್ತಿ, ಅರ್ಧ ಗಂಟೆಗೊಮ್ಮೆ, ಪ್ರತಿ ಕೋಣೆಯಲ್ಲಿ ಎಷ್ಟು ಮಕ್ಕಳು, ಎಷ್ಟು ದೊಡ್ಡವರು ಎಂದು ಎಣಿಸಿ ಬರೆದಿದ್ದರು. ಬೆಳಗ್ಗೆ ಹತ್ತಕ್ಕೆ ಎಂಟು ಮಕ್ಕಳಿಗೆ ಒಬ್ಬರು. ಮಧ್ಯಾಹ್ನ ಹನ್ನೆರಡೂವರೆಯಿಂದ ಒಂದೂವರೆಯವರೆಗೆ, ಊಟ ಮುಗಿಸಿ ಮಲಗಿಸುವ ಹೊತ್ತಿನಲ್ಲಿ, ಹತ್ತೊಂಬತ್ತಕ್ಕೆ ಒಬ್ಬರು. ಐದೂ ದಿನ ಹಾಗೆಯೇ. ಮಕ್ಕಳು ಜಾಸ್ತಿ ಅಳುವುದೂ, ಒಬ್ಬರನ್ನೊಬ್ಬರು ಕಚ್ಚುವುದೂ ಆ ಹೊತ್ತಿನಲ್ಲೇ ಎಂದು ಶಿಕ್ಷಕಿಯರು ಎಷ್ಟೋ ಸಲ ಹೇಳಿದ್ದರಂತೆ. ಅವರಿಗೆ ಇನ್ನಷ್ಟು ತರಬೇತಿ ಬೇಕೇನೋ ಎಂದುಕೊಂಡಿದ್ದೆ ಎಂದರು.

ಆ ಹಾಳೆಯನ್ನು ನಾವಿಬ್ಬರೂ ಬಹಳ ಹೊತ್ತು ನೋಡುತ್ತ ಕೂತೆವು. ಆಮೇಲೆ ಅವರು ಕೇಳಿದರು: ‘ಮೇಡಂ, ಇದನ್ನು ಮೊದಲು ಯಾರಿಗೆ ತೋರಿಸಲಿ, ಟ್ರಸ್ಟಿನವರಿಗೋ, ಪೋಷಕರಿಗೋ?’ ಪೋಷಕರಿಗೆ ಎಂದೆ. ಹಾಳೆ ತಿರುಗಿಸಿ, ಅದರ ಬೆನ್ನಿಗೇ ಅವರು ಸಭೆಗೆ ಕರೆಯಬೇಕಾದ ತಂದೆತಾಯಂದಿರ ಹೆಸರು ಬರೆಯತೊಡಗಿದರು.