ಓದುಗರ ಪ್ರಶ್ನೆ: ಕಂಪ್ಯೂಟರಿಗೆ ಡೆಬಿಯನ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಹಾಕುವಾಗ ಭಾಷೆ ಕನ್ನಡ ಅಂತ ಕೊಡಬೇಕಾ, ಇಂಗ್ಲಿಷ್ ಅಂತಲಾ?

ಇಂಗ್ಲಿಷ್ ಕೊಡಿ, ಮುಂದಿನ ಪರದೆಯಲ್ಲಿ ದೇಶ ಭಾರತ ಎಂದು ಆರಿಸಿ. ಕನ್ನಡವನ್ನು ಇನ್‌ಸ್ಟಾಲ್ ಮುಗಿದ ಮೇಲೆ ನಿಮ್ಮ ಖಾತೆಗೆ ಮಾತ್ರ ಹಾಕಿಕೊಳ್ಳಿ. ಇದು ಕನ್ನಡದ ಬಗೆಗಿನ ಅಸಡ್ಡೆಯಲ್ಲ. ಮೊದಲ ಪರದೆಯಲ್ಲಿ ಆರಿಸಿದ ಭಾಷೆ ಇನ್‌ಸ್ಟಾಲರ್‌ಗಷ್ಟೇ ಸೀಮಿತವಾಗದೆ ಇಡೀ ಸಿಸ್ಟಮ್ಮಿನ ಡೀಫಾಲ್ಟ್ ಲೋಕೇಲ್ (ಭಾಷೆ, ದಿನಾಂಕ, ಕಾಗದದ ಅಳತೆಗಳನ್ನು ತೀರ್ಮಾನಿಸುವ ಸೆಟ್ಟಿಂಗ್) ಆಗಿಬಿಡುತ್ತದೆ.

ತೊಂದರೆ ಗೊತ್ತಾಗುವುದು ಗ್ರಾಫಿಕ್ಸ್ ಕೈಕೊಟ್ಟ ದಿನ. ಡ್ರೈವರ್ ಕೆಟ್ಟು ಡೆಸ್ಕ್‌ಟಾಪ್ ಬರದಿದ್ದಾಗ ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಬರೀ ಅಕ್ಷರಗಳ ಕಪ್ಪು ಪರದೆಯಾದ ಕನ್ಸೋಲ್‌ಗೆ ಹೋಗಬೇಕಾಗುತ್ತದೆ. ಅಲ್ಲಿನ ಫಾಂಟಿನಲ್ಲಿ ಹೆಚ್ಚೆಂದರೆ 512 ಅಕ್ಷರರೂಪಗಳಿಗೆ ಜಾಗ. ಗುಣಿತ, ಒತ್ತಕ್ಷರ ಜೋಡಿಸುವುದಂತೂ ಅದಕ್ಕೆ ಬರುವುದೇ ಇಲ್ಲ. ಎರರ್ ಕನ್ನಡದಲ್ಲಿ ಬಂದರೆ ಕಾಣುವುದು ಬರೀ ಚೌಕಗಳ ಸಾಲು. ಡೆಬಿಯನ್ನಿನ ಟೆಕ್ಸ್ಟ್ ಇನ್‌ಸ್ಟಾಲರ್‌ನಲ್ಲಿ ಕನ್ನಡ ಸಿಗದೆ, ಗ್ರಾಫಿಕಲ್ ಇನ್‌ಸ್ಟಾಲ್‌ನಲ್ಲಿ ಮಾತ್ರ ಸಿಗುವುದೂ ಇದರಿಂದಲೇ.

ದೇಶದ ಪರದೆಯಲ್ಲಿ ಅವಸರ ಬೇಡ. ಇಂಗ್ಲಿಷ್ ಕೊಟ್ಟವರಿಗೆ ಅಲ್ಲಿ ಮೊದಲೇ ಆಯ್ಕೆಯಾಗಿರುವುದು ಅಮೆರಿಕ. ನೋಡದೆ ಎಂಟರ್ ಒತ್ತಿದರೆ ದಿನಾಂಕದಲ್ಲಿ ತಿಂಗಳು ಮೊದಲು ಬರುತ್ತದೆ: 03/04 ಎಂದರೆ ಏಪ್ರಿಲ್ 3 ಅಲ್ಲ, ಮಾರ್ಚ್ 4. ಕಾಗದದ ಅಳತೆ ಎ4 ಬದಲು ಲೆಟರ್ ಆಗುತ್ತದೆ. ಲೆಟರ್ ಎತ್ತರ 279 ಮಿ.ಮೀ., ಎ4 297 ಮಿ.ಮೀ. ಟ್ರೇ ತುಂಬ ಎ4 ಇದ್ದರೂ ಪ್ರಿಂಟರ್ 'ಲೆಟರ್ ಹಾಕಿ' ಎಂದು ನಿಂತುಬಿಡಬಹುದು. ಭಾರತ ಕೊಟ್ಟರೆ ಸಮಯವಲಯವೂ ತಾನಾಗಿ ಸರಿಹೋಗುತ್ತದೆ.

ಕೀಬೋರ್ಡಿಗೆ ಅಮೆರಿಕನ್ ಇಂಗ್ಲಿಷ್. ನಮ್ಮ ಅಂಗಡಿಗಳಲ್ಲಿ ಸಿಗುವ ಕೀಬೋರ್ಡುಗಳ ಜೋಡಣೆ ಬಹುತೇಕ ಅದೇ. ಬ್ರಿಟಿಷ್ ಆರಿಸಿದರೆ @ ಮತ್ತು " ಅದಲುಬದಲಾಗುತ್ತವೆ; ಪಾಸ್‌ವರ್ಡಿನಲ್ಲಿ @ ಇದ್ದವರು ಮುಂದೆ ಲೇಔಟ್ ಬದಲಿಸಿದ ದಿನ ಒಳಗೆ ಹೋಗಲಾರರು. ಡಿಸ್ಕ್ ಎನ್‌ಕ್ರಿಪ್ಟ್ ಮಾಡುವುದಾದರೆ ಅದರ ಪಾಸ್‌ವರ್ಡಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಮಾತ್ರ ಇರಲಿ. ಅದನ್ನು ಕೇಳುವ ಹೊತ್ತಿಗೆ ಕನ್ನಡ ಟೈಪಿಂಗ್ ವ್ಯವಸ್ಥೆ ಇನ್ನೂ ಶುರುವಾಗಿರುವುದಿಲ್ಲ. ₹ ಬೇಕೆಂದರೆ ಆಮೇಲೆ 'ಇಂಗ್ಲಿಷ್ (ಭಾರತ, ರೂಪಾಯಿ ಸಹಿತ)' ಲೇಔಟ್ ಸೇರಿಸಿಕೊಳ್ಳಿ, ಬಲಗಡೆಯ ಆಲ್ಟ್ ಜೊತೆ 4 ಒತ್ತಿದರೆ ಬರುತ್ತದೆ.

ಇನ್ನು ಕನ್ನಡ ಸೇರಿಸುವ ಕೆಲಸ. ಡೆಬಿಯನ್ನಿನ ಡೆಸ್ಕ್‌ಟಾಪ್ ಆದ ಗ್ನೋಮ್ ಸೆಟ್ಟಿಂಗ್ಸ್‌ನ ಭಾಷಾಪಟ್ಟಿಯಲ್ಲಿ ಕನ್ನಡ ಕಾಣುತ್ತಿಲ್ಲ ಎಂದು ಹಲವರು ಗಾಬರಿಯಾಗುತ್ತಾರೆ. ಲೋಕೇಲ್ ತಯಾರಾಗದ ಭಾಷೆಯನ್ನು ಅದು ತೋರಿಸುವುದಿಲ್ಲ, ಅಷ್ಟೇ. ಟರ್ಮಿನಲ್‌ನಲ್ಲಿ ರೂಟ್ (ಅಡ್ಮಿನ್) ಅಧಿಕಾರದೊಂದಿಗೆ ಡಿಪಿಕೆಜಿ-ರೀಕಾನ್ಫಿಗರ್ ಲೋಕೇಲ್ಸ್ (dpkg-reconfigure locales) ಓಡಿಸಿ. ಉದ್ದದ ಪಟ್ಟಿಯೊಂದು ಬರುತ್ತದೆ. ಕೆಎನ್-ಐಎನ್ ಯುಟಿಎಫ್-8 (kn_IN UTF-8, ಅಂದರೆ ಕನ್ನಡ) ಸಾಲಿಗೆ ಇಳಿದು ಸ್ಪೇಸ್ ಬಾರ್ ಒತ್ತಿದರೆ ಎದುರಿಗೆ ನಕ್ಷತ್ರ ಗುರುತು ಬೀಳುತ್ತದೆ. ಎಂಟರ್ ಒತ್ತಬೇಡಿ, ಗುರುತು ಬೀಳದೆಯೇ ಮುಂದಿನ ಪರದೆಗೆ ಹೋಗಿಬಿಡುತ್ತದೆ. ಟ್ಯಾಬ್‌ನಿಂದ ಓಕೆಗೆ ಹೋಗಿ. ಎರಡನೇ ಪರದೆ ಡೀಫಾಲ್ಟ್ ಯಾವುದೆಂದು ಕೇಳುತ್ತದೆ. ಇಎನ್-ಐಎನ್ (en_IN, ಭಾರತದ ಇಂಗ್ಲಿಷ್) ಇದ್ದಂತೆಯೇ ಇರಲಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಖಾತೆಯ ಭಾಷೆ ಕನ್ನಡ ಮಾಡಿ, ಲಾಗ್‌ಔಟ್ ಆಗಿ ಬನ್ನಿ.

ಬಂದ ಕೂಡಲೇ ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಫೋಲ್ಡರುಗಳ ಹೆಸರನ್ನು ಕನ್ನಡಕ್ಕೆ ಬದಲಿಸಲೇ ಎಂಬ ಪ್ರಶ್ನೆ ಬರುತ್ತದೆ. ಹಳೆಯ ಹೆಸರನ್ನೇ ಉಳಿಸಿಕೊಳ್ಳಿ. ಇಲ್ಲದಿದ್ದರೆ ಟರ್ಮಿನಲ್‌ನಲ್ಲಿ ಪ್ರತಿಸಲ ಕೀಬೋರ್ಡ್ ಬದಲಿಸಿ ಫೋಲ್ಡರಿನ ಹೆಸರು ಹೊಡೆಯುವ ಪಾಡು.

ಮೆನುಗಳು ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಕಂಡರೆ ಇನ್‌ಸ್ಟಾಲ್ ಕೆಟ್ಟಿದೆ ಎಂದುಕೊಳ್ಳಬೇಡಿ, ಅನುವಾದವೇ ಅಷ್ಟಾಗಿದೆ. ಫೈರ್‌ಫಾಕ್ಸ್‌ಗೆ ಕನ್ನಡದ ಪ್ಯಾಕೇಜನ್ನು ಬೇರೆಯಾಗಿ ಹಾಕಬೇಕು. ಫಾಂಟುಗಳಲ್ಲಿ ಗುಬ್ಬಿ, ನವಿಲು ಡೆಬಿಯನ್ನಿನಲ್ಲೇ ಇವೆ. ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರು ಐಬಸ್-ಎಂ17ಎನ್ (ibus-m17n) ಎಂಬ ಟೈಪಿಂಗ್ ಪ್ಯಾಕೇಜ್ ಹಾಕಿಕೊಂಡು ಅದರಲ್ಲಿ ಕೆಜಿಪಿ ಕೀಲಿಮಣೆ ಆರಿಸಬಹುದು. ಹಾಕಿದ ಮೇಲೂ ಪಟ್ಟಿಯಲ್ಲಿ ಕಾಣದಿದ್ದರೆ ಇನ್ನೊಮ್ಮೆ ಲಾಗ್‌ಔಟ್ ಆಗಿ ನೋಡಿ.

ಈಗಾಗಲೇ ಎಲ್ಲವನ್ನೂ ಕನ್ನಡದಲ್ಲೇ ಹಾಕಿಬಿಟ್ಟವರು ಮತ್ತೆ ಇನ್‌ಸ್ಟಾಲ್ ಮಾಡಬೇಕಿಲ್ಲ. ಮೇಲೆ ಹೇಳಿದ ಪಟ್ಟಿಯಲ್ಲಿ ಇಎನ್-ಐಎನ್‌ಗೂ ಗುರುತು ಹಾಕಿ, ಎರಡನೇ ಪರದೆಯಲ್ಲಿ ಅದನ್ನೇ ಡೀಫಾಲ್ಟ್ ಮಾಡಿ ರೀಸ್ಟಾರ್ಟ್ ಮಾಡಿ. ಒಮ್ಮೆ ಖಾತೆಯ ಭಾಷೆಯನ್ನು ಇಂಗ್ಲಿಷ್‌ಗೆ ಬದಲಿಸಿ ಲಾಗಿನ್ ಆಗಿ, ಫೋಲ್ಡರಿನ ಪ್ರಶ್ನೆಗೆ ಈ ಸಲ ಬದಲಿಸು ಎನ್ನಿ. ಹಳೆಯ ಫೋಲ್ಡರುಗಳಲ್ಲಿದ್ದ ಕಡತಗಳು ತಾವಾಗಿ ಬರುವುದಿಲ್ಲ, ಕೈಯಾರೆ ಸಾಗಿಸಬೇಕು. ಅದಾದ ಮೇಲೆ ಖಾತೆಯ ಭಾಷೆ ಮರಳಿ ಕನ್ನಡ.